ವೇದಿಕೆಗೆ ಬೆನ್ನು ಮಾಡಿ ಕೂತ ಕಾಕಾ

ಇಲ್ಲಿ ಬರೆಯುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನೇ ಹೇಳುತ್ತ ಹೇಳುತ್ತ ಬೆಳೆಸಿದ್ದು ಎಂಬುದು ನನಗೆ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯದಿಂದ ನೋಡಲು ಕಲಿಸಿದರು. ಆ ಚಟ ಕೊನೆಗೆ ನನ್ನ ನೆನಪಿಗೇ ಗಂಟುಬಿತ್ತು. ಆದರೂ ಒಂದು ಮಾತನ್ನು ಎದೆತಟ್ಟಿ ಹೇಳಬಲ್ಲೆ: ಅರವತ್ತರ ದಶಕದ ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲ ಸಭೆಗಳಿಗೂ ಹೋಗಿ ಒಂದೂ ಭಾಷಣ ಕೇಳದ ಏಕೈಕ ಮನುಷ್ಯ ನಮ್ಮ ಕಾಕಾ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಹೊಟ್ಟೆಪಾಡಿಗೆ ಕಾಳಿನ ದಲಾಲಿ ಅಂಗಡಿ. ಜೀವವೆಲ್ಲ ಸಭೆ ಏರ್ಪಡಿಸುವುದರಲ್ಲಿ. ಹಂದರ, ಜಮಖಾನೆ, ಹಾರ-ತುರಾಯಿ, ಅಧ್ಯಕ್ಷರ ಚಹಾ, ಎಲ್ಲವೂ ಅವರದೇ ಉಸ್ತುವಾರಿ. ಬೇರೆಯವರ ಸಭೆಗೆ ಹೋದರೆ ವೇದಿಕೆಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ಕೂಡುತ್ತಿದ್ದರು. ಯಾರು ಆಕಳಿಸಿದರು, ಯಾರ ಕುರ್ಚಿ ಕುಂಟಿತು, ನೀರಿನ ತಂಬಿಗೆ ಯಾವ ಸಾಲಿಗೆ ಮುಟ್ಟಲಿಲ್ಲ, ಕಣ್ಣೆಲ್ಲ ಅಲ್ಲಿ. ಒಮ್ಮೆ ಧಾರವಾಡದಲ್ಲಿ ದೊಡ್ಡ ಪಂಡಿತರೊಬ್ಬರು ಭಾಷಣ ಮುಗಿಸಿ ನೇರ ಇವರ ಬಳಿಗೇ ಬಂದು, ತಮ್ಮ ಮಾತು ಅಷ್ಟು ಬೇಸರ ತಂದಿತೇ ಎಂದು ಕೇಳಿದರು. ಕಾಕಾ ಕೈಮುಗಿದರು.

“ಹಂಗಲ್ರಿ. ನೀವು ಹೇಳಿದ್ದು ಮಂದಿ ಮಾರಿ ಮ್ಯಾಲೆ ಹೆಂಗ ಇಳೀತು ಅಂತ ನೋಡಾಕತ್ತಿದ್ದೆ.”

ಹೇಗೆ ಇಳಿಯಿತೆಂದು ಪಂಡಿತರು ಕೇಳಬಾರದಿತ್ತು.

“ಮೂರನೇ ಸಾಲಿನ ತನಕ ಛಲೋ ಇಳೀತ್ರಿ. ಅಲ್ಲಿಂದ ಹಿಂದ ಎಲ್ಲಾ ಮಲಗಿದ್ರು.”

ಇಂಥವರ ಕೈಯಲ್ಲೇ ವರ್ತಕರ ವಾರ್ಷಿಕ ಸಭೆ ಕೆಟ್ಟಿತು ಎಂದರೆ ನಂಬುತ್ತೀರಾ? ಸಭೆಯ ಕೀರ್ತಿ ಊರಿಗೆಲ್ಲ ಮುಟ್ಟಲಿ ಎಂದು ಕಾಕಾ ಧ್ವನಿವರ್ಧಕದ ಭೋಂಗಾಗಳನ್ನೆಲ್ಲ ರಸ್ತೆಯ ಕಡೆಗೆ ಕಟ್ಟಿಸಿದ್ದರು. ಹೊರಗೆ ಶೇಂಗಾ ಮಾರುವವನಿಗೆ ಭಾಷಣ ಬಾಯಿಪಾಠವಾಯಿತು. ಹಂದರದೊಳಗೆ ಕೊನೆಯಲ್ಲಿ ಕೂತ ಹೆಂಗಸರಿಗೆ ಅಧ್ಯಕ್ಷರ ಮೀಸೆ ಅಲ್ಲಾಡುವುದಷ್ಟೇ ಕಂಡಿತು. ಭಾಷಣ ನಡೆದಿರುವಾಗಲೇ ಅವರು ಸಾಲುಸಾಲಾಗಿ ಎದ್ದು ಹೊರಟರು. ಮುಂದಾಳು ಯಾರು? ನಮ್ಮ ಕಾಕೂ, ಅಂದರೆ ಕಾಕಾರ ಸ್ವಂತ ಹೆಂಡತಿ!

“ಕೇಳಸಲಾರದ ಸಭಾದಾಗ ಕುಂತು ಏನ ಮಾಡೂದ್ರಿ?” ಎಂದರು ಕಾಕೂ ಮನೆಯಲ್ಲಿ. “ಇಲ್ಲೆ ಕುಂತ್ರ ಜ್ವಾಳಾದ್ರೂ ಹಸನ ಆಗ್ತಾವ.”

ಮುಂದಿನ ಸಭೆಯನ್ನು ಇನ್ನೊಬ್ಬರಿಗೆ ಒಪ್ಪಿಸುವ ಮಾತು ವರ್ತಕರ ಹಿರಿಯರಲ್ಲಿ ಎದ್ದಿತು. ಕಾಕಾ ಬೇಡಿಕೊಂಡು ಇನ್ನೊಂದು ಅವಕಾಶ ಪಡೆದರು. ಆಗಲೂ ಹೆಂಗಸರು ಎದ್ದು ಹೋದರೆ ಸಭೆಯ ಕೆಲಸ ಕಾಯಂ ಬಿಡಬೇಕೆಂದು ಕರಾರು. ಸಭೆಯಿಲ್ಲದ ಕಾಕಾರನ್ನು ನೆನೆಸಿಕೊಳ್ಳುವುದು ನಮಗೆ ಯಾರಿಗೂ ಆಗಲಿಲ್ಲ.

ಅದೇ ಹೊತ್ತಿಗೆ, ಬೆಳಗಾವಿಯಲ್ಲಿ ಸಭೆ ಏರ್ಪಡಿಸುವವರಿಗೆಂದೇ ಒಂದು ಶಿಬಿರ ನಡೆಯಲಿದೆ ಎಂಬ ಸುದ್ದಿ ಬಂತು. ಸಭೆ ಮಾಡಲು ಕಲಿಯಲಿಕ್ಕೆ ಇನ್ನೊಂದು ಸಭೆಯೇ ಎಂದು ಮನೆಮಂದಿಯೆಲ್ಲ ನಕ್ಕರು. ಆಗಷ್ಟೇ ಎಂ.ಎ. ಮುಗಿಸಿದ್ದ ನನ್ನ ನಗೆ ಎಲ್ಲರಿಗಿಂತ ದೊಡ್ಡದು. ಕಾಕಾ ಸಿಟ್ಟಾಗಲಿಲ್ಲ.

“ನೀ ಅಷ್ಟ ಪುಸ್ತಕ ಯಾಕ ಓದ್ತಿ? ಒಬ್ಬರು ಎಡವಿದ್ದು ಇನ್ನೊಬ್ರಿಗೆ ತಿಳೀಲಿ ಅಂತ ಹೌದಲ್ಲೊ? ನಮ್ಮ ಕೆಲಸಕ್ಕ ಪುಸ್ತಕಿಲ್ಲ ತಮ್ಮಾ. ಮಂದಿ ಅದಾರ. ನೀನೂ ಬಾ.”

ಹೋದೆ. ಬಂದವರೆಲ್ಲ ಏರ್ಪಡಿಸುವವರೇ ಆದರೆ ಕೂಡುವವರು ಯಾರು? ಅರ್ಧ ಜನ ಜಮಖಾನೆಯ ಸುಕ್ಕು ತೆಗೆಯಲು ಎದ್ದರೆ, ಇನ್ನರ್ಧ ಮೈಕಿನ ಕತ್ತು ಸರಿಮಾಡಲು ಎದ್ದರು. ಊಟದ ಹೊತ್ತಿನಲ್ಲಿ, ನನ್ನ ನೆನಪನ್ನು ನಂಬುವುದಾದರೆ, ಪ್ರತಿಯೊಬ್ಬರ ಕೈಯಲ್ಲೂ ಸಾರಿನ ಬಕೆಟ್ಟು ಇಲ್ಲವೆ ಅನ್ನದ ಪರಾತ. ಎಲೆಯ ಮುಂದೆ ಕೂತವನು ನಾನೊಬ್ಬನೇ. ಅಷ್ಟೂ ಮಂದಿ ನನಗೊಬ್ಬನಿಗೇ ಬಡಿಸಿದರು! ವಂದನಾರ್ಪಣೆ ಮಾಡಲೂ ಎಲ್ಲರೂ ಎದ್ದು ನಿಂತರು. ವಂದನೆ ಸ್ವೀಕರಿಸಲು ಯಾರೂ ಉಳಿಯಲಿಲ್ಲ.

ಮರಳುವ ರೈಲಿನಲ್ಲಿ ಕಾಕಾರ ಮುಖ ಅರಳಿತ್ತು. ಶಿಬಿರಕ್ಕೆ ಬಂದಿದ್ದ ಬಿಜಾಪುರದ ಕಡೆಯವರೊಬ್ಬರ ಸಭೆಯೂ ಹೀಗೇ ಕೆಟ್ಟಿತ್ತಂತೆ. ಕಟ್ಟಕಡೆಯಲ್ಲಿ ಕೂಡುವವರನ್ನೇ ಹಿಂದಿನ ದಿನ ಅಲ್ಲಿ ಕೂಡಿಸಿ, ಕೇಳಿಸುತ್ತದೋ ಇಲ್ಲವೋ ನೋಡಬೇಕೆಂದು ಅವರು ಹೇಳಿಕೊಟ್ಟಿದ್ದರು.

ಹಾಗಾಗಿ ಮುಂದಿನ ಸಭೆಯ ಮುನ್ನಾದಿನ, ಬರಿದಾದ ಹಂದರದ ಕೊನೆಯಲ್ಲಿ ಕಾಕೂ ಒಬ್ಬರೇ ಕೂತರು. ಭೋಂಗಾಗಳು ಈ ಸಲ ಒಳಗೆ ಮುಖ ಮಾಡಿದ್ದವು. ಕಾಕಾ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

“ಇವತ್ತ ಅಡಿಗಿ ಏನ ಮಾಡೀದಿ?”

“ಬದನೀಕಾಯಿ. ಓಣಿಗೆಲ್ಲಾ ಸಾರಬ್ಯಾಡ್ರಿ.”

ಮರುದಿನ ವಂದನಾರ್ಪಣೆ ಮುಗಿಯುವವರೆಗೂ ಹೆಂಗಸರ ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ. ಹಿರಿಯರು ಕಾಕಾರ ಕೊರಳಿಗೇ ಒಂದು ಹಾರ ಹಾಕಿದರು. ಪಕ್ಕದಲ್ಲಿ ಕೂತ ಅಪರಿಚಿತರಿಗೆಲ್ಲ, ಯಾರೂ ಕೇಳದಿದ್ದರೂ, ಹಾರ ಹಾಕಿಸಿಕೊಂಡವರು ನಮ್ಮ ಕಾಕಾ ಎಂದು ಹೇಳಿಕೊಂಡು ಬಂದೆ.

ಕಾಕಾ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಆ ಶಿಬಿರ ನಡೆಸಿದ ಹಿರಿಯರೊಬ್ಬರು ಬೆಳಗಾವಿಯಲ್ಲಿ ಸಿಕ್ಕರು. ಊಟದ ಸಂಗತಿ ಕೇಳಿದೆ. ಅಂಥದೇನೂ ನಡೆದ ನೆನಪಿಲ್ಲ ಎಂದರು. ವಂದನಾರ್ಪಣೆಯದೂ ಇಲ್ಲ. ಶಿಬಿರದ ಮೂರನೆಯ ನೆನಪೊಂದಿತ್ತು, ಅದನ್ನು ಕೇಳಲು ಅಂಜಿಕೆಯಾಯಿತು. ಅದೂ ನಾನೇ ಕಟ್ಟಿಕೊಂಡದ್ದಾಗಿದ್ದರೆ? ಮೊದಲ ದಿನ ಒಬ್ಬೊಬ್ಬರೇ ಎದ್ದು ತಾವು ಗೆದ್ದ ಸಭೆಗಳನ್ನು ವರ್ಣಿಸುವಾಗ, ನಮ್ಮ ಕಾಕಾ ಎದ್ದು ಏನು ಹೇಳಿದರು ಎಂದು ಕೊನೆಗೂ ಕೇಳಿದೆ. ಅವರು ಒಂದಿಷ್ಟೂ ತಡವರಿಸಲಿಲ್ಲ. ನನ್ನ ನೆನಪಿನಲ್ಲಿದ್ದ ಮಾತುಗಳನ್ನೇ ಹೇಳಿದರು:

“ನನ್ನ ಸಭಾದಿಂದ ನಮ್ಮ ಮನಿಯಾಕಿ ಎದ್ದು ಹೋದ್ಲ್ರಿ. ತಪ್ಪು ಆಕಿದಲ್ಲ. ಆಕಿ ಕಡೀತನಕ ಕೂಡೂವಂಥ ಸಭಾ ಹೆಂಗ ಮಾಡ್ಬೇಕು, ಅಷ್ಟ ಹೇಳ್ರಿ.”