ಒಂದು ಟ್ಯೂಬಾ, ಮೂರು ಸ್ವರ

ರೇವಣಸಿದ್ದನ ಆ ಭಾನುವಾರದ ಪಾಡಿಗೆಲ್ಲ ಕಾರಣ ಒಂದು ಖಾಲಿ ಹಾಳೆ. ಸಂಜೆ ಐದರೊಳಗೆ ಅದರ ಮೇಲೆ ಮೂರು ಹಾಡುಗಳ ಹೆಸರು ಬರೆದು ಸರಸ್ವತಿಪುರಂನ ಸಂಗೀತ ಸಂಘದ ಕಾರ್ಯದರ್ಶಿ ವಾಗೀಶರಾಯರಿಗೆ ಕಳಿಸಬೇಕಿತ್ತು. ಕಳಿಸಿದರೆ ಸಂಘದ ಒಂಟಿ ಕಚೇರಿಯ ಆಹ್ವಾನಪತ್ರಿಕೆಯಲ್ಲಿ ಅವನ ಹೆಸರು ಅಚ್ಚಾಗುತ್ತಿತ್ತು. ವೇದಿಕೆಯ ಮೇಲೆ ಅವನೊಬ್ಬನೇ, ಅವನ ಟ್ಯೂಬಾ ಒಂದೇ.

ಟ್ಯೂಬಾ ಎಂದರೆ ಮದುವೆ ಬ್ಯಾಂಡಿನ ಕೊನೆಯ ಸಾಲಿನಲ್ಲಿ ಹಂಡೆಯಂಥ ಬಾಯಿ ತೆರೆದುಕೊಂಡು ‘ಬೊಂ’ ಎನ್ನುವ ಹಿತ್ತಾಳೆ ವಾದ್ಯ. ಇಪ್ಪತ್ತೆರಡು ವರ್ಷಗಳಿಂದ ರೇವಣಸಿದ್ದ ಮೈಸೂರಿನ ಮದುವೆಗಳಲ್ಲಿ ಬೊಂ ಎನ್ನುತ್ತಲೇ ಬಂದಿದ್ದ. ಆ ಮದುವೆಗಳ ವಿಡಿಯೋಗಳಲ್ಲೆಲ್ಲ ಟ್ಯೂಬಾದ ಬಾಯಿ ಕಾಣುತ್ತದೆ, ಅವನ ಮುಖ ಒಂದರಲ್ಲೂ ಇಲ್ಲ. ಹೆಂಡತಿ ಕಮಲ ತವರಿನವರಿಗೆ ವಿಡಿಯೋ ತೋರಿಸುವಾಗಲೆಲ್ಲ, “ಅದರ ಹಿಂದೆ ಇರೋದು ನಮ್ಮೋರೇ” ಎಂದು ಸಾಕ್ಷಿ ಹೇಳಬೇಕಾಗುತ್ತಿತ್ತು. ಈ ಸಲವಾದರೂ ಮುಖ ಕಾಣುತ್ತದೆಂದು ತವರಿನ ಹನ್ನೊಂದು ಜನರನ್ನು ಆಗಲೇ ಕರೆದುಬಿಟ್ಟಿದ್ದಳು.

ಬರೀ ಬೊಂ ನಂಬಿಕೊಂಡು ಕಚೇರಿ ಮಾಡಲಾದೀತೇ? ಆದರೆ ರೇವಣಸಿದ್ದನ ಹತ್ತಿರ ಒಂದು ವಿದ್ಯೆಯಿತ್ತು. ಕೆಳಗಿನ ಸ್ವರವೊಂದನ್ನು ಊದುತ್ತಲೇ ಗಂಟಲಿನಲ್ಲಿ ಮೇಲಿನದೊಂದನ್ನು ಗುನುಗಿದರೆ, ಯಾರೂ ಊದದ, ಯಾರೂ ಹಾಡದ ಮೂರನೆಯ ಸ್ವರವೊಂದು ನಡುವೆ ತಾನಾಗಿ ಏಳುತ್ತದೆ. ವಿದೇಶದವನೊಬ್ಬ ಹಾಗೆ ಊದಿದ್ದನ್ನು ಮೊಬೈಲಿನಲ್ಲಿ ನೋಡಿ ಎರಡು ವರ್ಷ ಕೂತು ಕಲಿತಿದ್ದ. ಈಗ ಬೇಕಾಗಿದ್ದುದು ಆ ವಿದ್ಯೆಗೆ ಹೊಂದುವ ಮೂರು ಹಾಡು, ಅಷ್ಟೇ.

ಬೆಳಿಗ್ಗೆ ಒಂಬತ್ತಕ್ಕೆ ಮೊದಲನೆಯದನ್ನು ಹಿಡಿದ. ಅದೇ ವಿದೇಶದವನ ‘ತಿಮಿಂಗಿಲದ ಅಳಲು’. ಅತ್ತು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಆಟೋ ಹುಚ್ಚಣ್ಣ ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

“ಇದು ನಿನ್ನ ಕೆಲ್ಸವಾ ಅಣ್ಣ? ನನ್ನ ಆಟೋನೇ ಗೊರಗೊರ ಅಂತದೆ ಅಂದ್ಕಂಡು ಇಂಜಿನ್ ಬಿಚ್ಚಾಕ್ಬುಟ್ನಲ್ಲಾ!”

“ಆಫ್ ಮಾಡಿ ನೋಡ್ಬೇಕಿತ್ತು ಕಣೋ.”

“ಆಫೇ ಮಾಡಿದ್ದೆ ಕಣಣ್ಣ. ಆಫ್ ಮಾಡಿದ್ರೂ ಸದ್ದು ನಿಲ್ಲಾಕಿಲ್ವಲ್ಲ ಅಂತ್ಲೇ ಎದ್ರಿಕಂಡು ಬಿಚ್ಚಿದ್ದು!”

ತಿಮಿಂಗಿಲದ ಹೆಸರಿಗೆ ರೇವಣಸಿದ್ದ ಅಡ್ಡಗೆರೆ ಎಳೆದ.

ಎರಡನೆಯದು ಅವನೇ ಕಟ್ಟಿದ್ದು, ‘ಕಾಡಿನ ಕರೆ’. ಅದರಲ್ಲಿ ಎರಡು ಸ್ವರಗಳನ್ನು ಬೇಕೆಂದೇ ತಿಕ್ಕಾಡಿಸಬೇಕು, ಆಗ ಗುರ್ ಎಂಬ ಸದ್ದು ಬರುತ್ತದೆ. ಬಂತು. ಚೆನ್ನಾಗಿಯೇ ಬಂತು. ಹತ್ತು ನಿಮಿಷದಲ್ಲಿ ಕೃಷ್ಣಮೂರ್ತಿಪುರಂನ ಆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ‘ಚಿರತೆ ಬಂದಿದೆ, ಬಾಗಿಲು ಹಾಕ್ಕೊಳ್ಳಿ’ ಎಂಬ ಸುದ್ದಿ ಹರಿದಾಡಿತು. ಹಿಂದಿನ ತಿಂಗಳಷ್ಟೇ ದಟ್ಟಗಳ್ಳಿಯ ಕಡೆ ಚಿರತೆ ಕಂಡವರಿದ್ದುದರಿಂದ ಯಾರೂ ಅನುಮಾನಪಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರಣ್ಯ ಇಲಾಖೆಯವರು ಬಲೆ ಹಿಡಿದುಕೊಂಡು ಬಂದೇಬಿಟ್ಟರು. ರೇವಣಸಿದ್ದ ಅವರ ಮುಂದೆ ಊದಿ ತೋರಿಸಬೇಕಾಯಿತು. ಅವರಲ್ಲೊಬ್ಬ, “ಇನ್ನೊಂದ್ಸಲ ಊದಿ ಸಾರ್, ರೆಕಾರ್ಡ್ ಮಾಡ್ಕೋತೀನಿ. ಹೊಸಬರ ಟ್ರೇನಿಂಗಿಗೆ ಬೇಕು” ಎಂದ.

ಬಲೆಯವರು ಹೋದ ಬೆನ್ನಿಗೆ ಮನೆಯ ಮಾಲೀಕರಾದ ರಮಾಮಣಿ ಮಹಡಿಯಿಂದ ಇಳಿದು ಬಂದರು. ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅಪಸ್ವರವೆಂದರೆ ಅವರಿಗೆ ಹಲ್ಲುನೋವಿದ್ದ ಹಾಗೆ.

“ರೀ ರೇವಣಸಿದ್ದಪ್ಪ, ಮನೆ ಕೊಟ್ಟಿದ್ದು ನಿಮ್ಮಿಬ್ಬರಿಗೆ. ಒಳಗೆ ಹಾಡ್ತಿರೋ ಇನ್ನಿಬ್ಬರು ಯಾರು?”

“ನಾನೊಬ್ಬನೇ ಅಮ್ಮಾವ್ರೇ, ಮೂರು ಸ್ವರ.”

“ಮೂರೂ ಅಪಸ್ವರ. ಬೀದೀಲಿ ಹಸುಗೂಸುಗಳಿವೆ. ಕೆಳಗಿನ ಷಡ್ಜ ಊದಿ, ಅದರ ಮೇಲೆ ಪಂಚಮ ಗುನುಗಿ. ಅಲ್ಲಾಡಬೇಡಿ.”

ಅವನು ಅಲ್ಲಾಡದೆ ಊದಿದ. ಸ ಮತ್ತು ಪ ಸೇರಿದ ಗಳಿಗೆಗೆ ನಡುವಿನಿಂದ ಇನ್ನೊಂದು ಸ ಎದ್ದು ಕೋಣೆಯನ್ನೆಲ್ಲ ತುಂಬಿಕೊಂಡಿತು. ರಮಾಮಣಿ ಕಣ್ಣು ಮುಚ್ಚಿದರು. ಮತ್ತೆ ಬಾಗಿಲಿಗೆ ಬಂದಿದ್ದ ಹುಚ್ಚಣ್ಣ ಸ್ಪ್ಯಾನರ್ ಕೆಳಗಿಟ್ಟು, “ಗರ್ಭಗುಡಿ ಮುಂದೆ ನಿಂತಂಗಾಯ್ತದೆ ಕಣಣ್ಣ, ಇದನ್ನೇ ಮಡಗು” ಎಂದ. ರೇವಣಸಿದ್ದ ಊದಿದ್ದನ್ನು ಯಾರಾದರೂ ಮನಸ್ಸಿಟ್ಟು ಕೇಳಿದ್ದು ಅದೇ ಮೊದಲು.

ಅದನ್ನೇ ಇಟ್ಟ. ಬೇರೆ ಏನು ಊದಿದರೂ ಬೀದಿ ಬಿಡುವಂತಿರಲಿಲ್ಲ. ಹಾಳೆಯ ಮೇಲೆ ‘ಮುಂಜಾವು’, ‘ಮಧ್ಯಾಹ್ನ’, ‘ಮುಸ್ಸಂಜೆ’ ಎಂದು ಬರೆದ. ಮೂರೂ ಅದೇ ಸ, ಅದೇ ಪ. ಒಂದು ಧ್ವನಿಮುದ್ರಣದ ಜೊತೆ ನಾಲ್ಕೂವರೆಗೆ ಕಳಿಸಿದ.

ಐದಕ್ಕೆ ವಾಗೀಶರಾಯರ ಫೋನು. “ಏನ್ರೀ ಇದು? ನಾನು ಕೇಳಿದ್ದು ಒಬ್ಬರನ್ನ. ಇದರಲ್ಲಿ ಮೂವರಿದ್ದಾರೆ. ಒಂಟಿ ಕಚೇರಿ ಅಂದ್ರೆ ಒಂಟಿ ಕಚೇರಿ, ಅದು ಸಂಘದ ನಿಯಮ.”

“ದೇವರಾಣೆಗೂ ನಾನೊಬ್ಬನೇ ಸಾರ್!”

ರಾಯರು ಸ್ಕೂಟರಿನಲ್ಲಿ ಬಂದೇ ಬಂದರು. ಮಂಚದ ಕೆಳಗೆ ಬಗ್ಗಿ ನೋಡಿದರು, ಬಚ್ಚಲು ಮನೆಯ ಬಾಗಿಲು ತೆಗೆದು ನೋಡಿದರು, ಟ್ಯೂಬಾದ ಬಾಯೊಳಗೂ ಟಾರ್ಚ್ ಬಿಟ್ಟರು. ಆಮೇಲೆ ಕುರ್ಚಿಯ ಮೇಲೆ ಕೂತು, “ಊದಿ” ಎಂದರು.

ರೇವಣಸಿದ್ದ ಊದಿದ. ಇಪ್ಪತ್ತೆರಡು ವರ್ಷದ ಆಸೆಯನ್ನೆಲ್ಲ ಒಂದೇ ಉಸಿರಿಗೆ ಹಾಕಿ ಊದಿದ. ರಾಯರ ಕಣ್ಣಲ್ಲಿ ನೀರು ಬಂತು.

“ಎಷ್ಟು ಹೊತ್ತು ಹಿಡೀಬಲ್ರಿ?”

“ಮೆರವಣಿಗೇಲಿ ನಾಲ್ಕು ಗಂಟೆ ನಿಂತು ಊದಿದೀನಿ ಸಾರ್.”

“ಕರೆಂಟು ಬೇಕಾ?”

“ಉಸಿರಿದ್ರೆ ಸಾಕು ಸಾರ್.”

ರಾಯರು ಅವನನ್ನು ಬಿಗಿಯಾಗಿ ತಬ್ಬಿಕೊಂಡರು. “ಇಷ್ಟು ದಿನ ಎಲ್ಲಿದ್ರಿ ಮಾರಾಯ್ರೇ! ಪತ್ರಿಕೇಲಿ ನಿಮ್ಮ ಹೆಸರು ಗಟ್ಟಿ” ಎಂದು ಹೇಳಿ ಹೊರಟರು. ಕಮಲ ಆ ಸಂತೋಷಕ್ಕೆ ಕೇಸರಿಬಾತ್ ಮಾಡಿ ಹುಚ್ಚಣ್ಣನಿಗೂ ರಮಾಮಣಿಯವರಿಗೂ ಹಂಚಿದಳು.

ಏಳಕ್ಕೆ ಪತ್ರಿಕೆಯ ನಮೂನೆ ಮೊಬೈಲಿಗೆ ಬಂತು. ಎಲ್ಲರೂ ತಲೆಗೆ ತಲೆ ತಾಗಿಸಿ ನೋಡಿದರು. ಮೇಲೆ ದಪ್ಪಕ್ಷರದಲ್ಲಿ ‘ಗಾಯನ: ಮಾಲವಿಕಾ’ ಎಂದಿತ್ತು. ಆಮೇಲೆ ಪಿಟೀಲು, ಆಮೇಲೆ ಮೃದಂಗ. ಎಲ್ಲಕ್ಕಿಂತ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ‘ತಂಬೂರಿ: ರೇವಣಸಿದ್ದ’.

ಅವನು ಕೂಡಲೇ ರಾಯರಿಗೆ ಫೋನು ಮಾಡಿದ. “ಸಾರ್, ನನ್ನ ಕಚೇರಿ?”

“ಅದು ಆಮೇಲೆ ನೋಡೋಣ ಕಣ್ರೀ. ನಮ್ಮ ಶ್ರುತಿಪೆಟ್ಟಿಗೆ ಕರೆಂಟು ಹೋದಾಗಲೆಲ್ಲ ಮಾನ ಕಳೀತಿತ್ತು. ನೀವು ದೇವರು ಬಂದಂಗೆ ಬಂದ್ರಿ! ಮೂರು ಗಂಟೆ ಕಚೇರಿ, ಗಾಯಕಿ ಹಿಂದೆ ಕೂತ್ಕೊಂಡು ಇದೇ ಸ, ಪ, ಸ. ಅಲ್ಲಾಡಬೇಡಿ.”

ರಮಾಮಣಿ ಮಹಡಿ ಹತ್ತಿದರು. ಹುಚ್ಚಣ್ಣ ಉಳಿದ ಕೇಸರಿಬಾತ್ ಮುಗಿಸಿ ಇಂಜಿನ್ ಜೋಡಿಸಲು ಹೋದ. ಕಮಲ ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಫೋನೆತ್ತಿ ತವರಿಗೆ ಮಾಡಿದಳು.

“ಅವ್ವಾ, ಹೂಂ, ಎಲ್ಲರೂ ಬನ್ನಿ. ಹಾಡೋ ಅಮ್ಮನ ಹಿಂದೆ ಒಂದು ಹಿತ್ತಾಳೆ ಬಾಯಿ ಕಾಣುತ್ತಲ್ಲ, ಅದರ ಹಿಂದೆ ಇರೋದು ನಮ್ಮೋರೇ.”