ದಡ್ಡ, ಬೀರು, ಶುಕ್ರವಾರ

ಮೊದಲು ಒಂದು ಒಗಟು. ವಾರವೆಲ್ಲ ಎಲ್ಲ ನೆನಪಿರುತ್ತೆ, ಶುಕ್ರವಾರ ಬಂದರೆ ಸಾಕು, ತನ್ನ ಹೆಸರನ್ನೇ ಮರೆತು ಕುಂತಿರುತ್ತೆ. ಕುಡಿಯಲ್ಲ, ವಯಸ್ಸಾಗಿಲ್ಲ, ಮೈಮೇಲೆ ದೇವರೂ ಬರಲ್ಲ. ಏನದು? ತಲೆ ಕೆಡಿಸ್ಕೋಬೇಡಿ, ಬಿಡಿಸೋಕಾಗಲ್ಲ. ಬಿಡಿಸಿದವನು ನಾನೊಬ್ಬನೇ. ಇಂಥವೆಲ್ಲ ಅಡ್ರೆಸ್ ಕೇಳ್ಕೊಂಡು ನನ್ನ ಹತ್ತಿರಾನೇ ಬರ್ತವೆ.

ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಡುಮ್ಕಿ ಹೊಡೆದು ಹೊಸದುರ್ಗ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿ ಸೇರಿದ್ದೆ. ಆಗಷ್ಟೇ ಮನೆಗಳಿಗೆ ಬ್ರಾಡ್‌ಬ್ಯಾಂಡ್ ಬರ್ತಿತ್ತು, ಜೊತೆಗೆ ಕೊಂಬಿರೋ ರೂಟರ್. ಅದಕ್ಕೊಂದು ಹೆಸರು, ಒಂದು ಪಾಸ್‌ವರ್ಡ್ ಇಟ್ಟು, ಲೈನಿನ ಸೆಟ್ಟಿಂಗ್ ತುಂಬಿ ಬರೋದು ನನ್ನ ಕೆಲಸ. ಅಕ್ಷರ ಹುಡುಕಿ ಒತ್ತೋದು ಬಿಟ್ಟರೆ ಇಂಗ್ಲಿಷ್ ಓದೋಕೆ ಬರ್ತಿರಲಿಲ್ಲ. ಎಡಗಡೆ ಎರಡನೇದು ಒತ್ತು, ಕೆಳಗಿನ ಡಬ್ಬಿ ತುಂಬು, ಮೂಲೇಲಿರೋದನ್ನ ಒತ್ತು. ಅಷ್ಟೇ ನನ್ನ ವಿದ್ಯೆ.

ಈ ಕೆಲಸ ಹೋದರೆ ಮಾವನ ತೆಂಗಿನಕಾಯಿ ಮಂಡಿ ಕಾದಿತ್ತು. ನೆಟ್ಟ ಹಾರೆ ಮುಂದೆ ನಿಂತು ದಿನವಿಡೀ ಕಾಯಿ ಸುಲಿಯೋದು. ಒಂದು ಬೇಸಿಗೆ ಸುಲಿದಿದ್ದೆ. ಅಂಗೈಯೆಲ್ಲ ಬೊಬ್ಬೆ ಬಂದು ಅನ್ನ ಕಲಸೋಕಾಗದೆ, ಮೀಸೆ ಬಂದ ಮಗನಿಗೆ ನಮ್ಮವ್ವ ತುತ್ತು ಇಡಬೇಕಾಯ್ತು.

ದಡ್ಡ

ಹೊಳಲ್ಕೆರೆಯಲ್ಲಿ ನಮ್ಮ ಹಳೇ ಲೆಕ್ಕದ ಮೇಷ್ಟ್ರ ಮನೆಗೆ ರೂಟರ್ ಹಾಕೋಕೆ ಹೋದೆ. ಸ್ಕೂಲಲ್ಲಿ ನನ್ನ ಹೆಸರು ಹಿಡಿದು ಕರೆದವರೇ ಅಲ್ಲ. ಹಾಜರಿ ಕೂಗುವಾಗಲೂ ‘ದಡ್ಡ’. ಅವತ್ತೂ ಬಾಗಿಲಲ್ಲೇ, "ಓ, ದಡ್ಡ ಬಂದ. ಹಾಳ್ಮಾಡ್ಬಿಟ್ಟೀಯ, ಹುಷಾರು," ಅಂದರು.

ನಾನು ತಲೆ ಬಗ್ಗಿಸಿ ಕೆಲಸ ಮುಗಿಸಿದೆ. ನೆಟ್‌ವರ್ಕಿನ ಹೆಸರಿನ ಜಾಗದಲ್ಲಿ ಅವರು ಕೊಟ್ಟ ಹೆಸರನ್ನೇ ಅವರಿಗೆ ವಾಪಸ್ ಕೊಟ್ಟು ಬಂದೆ.

ಮಾರನೇ ದಿನ ಅಂಗಡಿಗೆ ಮೇಷ್ಟ್ರ ಫೋನು, ಎತ್ತಿದ್ದು ನಾನೇ ಅಂದ್ಕೊಂಡು ಬೈಗುಳ. "ಲೇ, ಬೀಗರು ಬಂದು ಕುಂತವ್ರೆ. ನಮ್ಮ ಸೊಸೆ ಲ್ಯಾಪ್‌ಟಾಪ್ ಹಿಡ್ಕಂಡು ಮನೆಯೆಲ್ಲ ಓಡಾಡ್ತಾ, ‘ದಡ್ಡ ಹಾಲ್‌ನಲ್ಲಿ ಚೆನ್ನಾಗಿ ಸಿಗ್ತಾನೆ, ಮಾವ ಇರೋ ರೂಮಲ್ಲಂತೂ ಫುಲ್ಲು’ ಅಂತಾಳಲ್ಲೋ!"

ಅಂಗಡಿ ಸಾವ್ಕಾರ್ರು ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ಇನ್ನೊಂದು ಕಂಪ್ಲೇಂಟ್ ಬರ್ಲಿ, ನೀನು ಕಾಯಿ ಸುಲಿಯೋಕೆ ಹೋಗಿವಂತೆ."

ಬೀರು

ಹಿರಿಯೂರಿನ ಲಾರಿ ಮಾಲೀಕರಿಗೆ ನನ್ನ ಕೀರ್ತಿ ಆಗಲೇ ತಲುಪಿತ್ತು. "ಮೇಷ್ಟ್ರನ್ನ ದಡ್ಡ ಮಾಡಿದೋನು ನೀನೇ ಏನಪ್ಪ?" ಅಂದರು. ಪಕ್ಕದ ಮನೆಯವರು ನೆಟ್ ಕದೀತಾರೆ ಅನ್ನೋದು ಅವರ ಚಿಂತೆ.

"ಪಾಸ್‌ವರ್ಡ್ ಹಾಕಿದೀನಿ, ಯಾರ ಕೈಲೂ ಆಗಲ್ಲ ಸಾರ್."

"ನಿನ್ನ ಪಾಸ್‌ವರ್ಡು ನಿನಗೆ ಗೊತ್ತೈತಲ್ಲ. ನಿನ್ನನ್ನ ನಂಬ್ತಾರೇನಲೇ?"

ನಾನು ವಾಪಸ್ ಬಂದ ಮೇಲೆ ಅವರು ಕಬ್ಬಿಣದ ಬೀರುವಿಗೆ ಹಿಂದಿನಿಂದ ತೂತು ಕೊರೆಸಿ, ವೈರು ತೂರಿಸಿ, ರೂಟರನ್ನ ಒಳಗಿಟ್ಟು ಬೀಗ ಜಡಿದರು. ಆಮೇಲೆ ನೆಟ್ ಬರ್ತಿಲ್ಲ ಅಂತ ಕಂಪ್ಲೇಂಟು. ಹೋಗಿ ತೆಗೆಸಿದರೆ, ಅದು ಹೆಂಡತಿ ರೇಷ್ಮೆ ಸೀರೆ ಮೇಲೆ ಕಾವಿಗೆ ಕುಂತ ಕೋಳಿ ಥರ ಬಿಸಿಯಾಗಿ ಕುಂತಿದೆ.

"ಬಾಗಿಲು ತೆಗೆದಿಡ್ರಿ ಸಾರ್, ಬರ್ತೈತೆ."

ತೆಗೆದಿಟ್ಟರು. ಒಳಗೆ ಬಂಗಾರ ಇತ್ತಲ್ಲ, ಎದುರಿಗೆ ಕುರ್ಚಿ ಹಾಕ್ಕೊಂಡು ಕಾವಲಿಗೆ ಕುಂತರು. ಇವತ್ತಿಗೂ ಆ ಮನೇಲಿ ನೆಟ್ ಬೇಕಂದರೆ ಮಾಲೀಕರು ಸ್ನಾನಕ್ಕೂ ಏಳಂಗಿಲ್ಲ.

ಬೀರು ತೂತಾಗಿದ್ದಕ್ಕೂ ನನ್ನ ಮೇಲೇ ಕಂಪ್ಲೇಂಟು. ಸಾವ್ಕಾರ್ರು, "ಇದೇ ಕೊನೆ," ಅಂದರು.

ಶುಕ್ರವಾರ

ಒಗಟಿನದು ಇದು. ಚಿತ್ರದುರ್ಗದಲ್ಲಿ ಒಬ್ಬ ಕಂಟ್ರಾಕ್ಟರ್ ಮನೆ. ಪ್ರತಿ ಶುಕ್ರವಾರ ರೂಟರ್ ತನ್ನ ಹೆಸರು, ಪಾಸ್‌ವರ್ಡು, ಲೈನಿನ ಸೆಟ್ಟಿಂಗು ಎಲ್ಲ ಮರೆತು, ಡಬ್ಬಿಯಿಂದ ತೆಗೆದ ದಿನದಂಗೆ ಆಗಿಬಿಡೋದು. ಶನಿವಾರ ನಾನು ಬಸ್ ಹತ್ತಿ ಹೋಗಿ ಮತ್ತೆ ತುಂಬಿ ಬರೋದು. ಕಂಟ್ರಾಕ್ಟರ್ ಸಾವ್ಕಾರ್ರಿಗೆ ಫೋನ್ ಮಾಡಿ, "ಏನ್ರೀ, ನಿಮ್ಮ ಹುಡುಗ ಅಲ್ಲಿಂದಲೇ ಏನೋ ಆಟ ಆಡ್ತಾನೆ," ಅಂದರು. ನಾನು ದೇವರಾಣೆ ಹಾಕಿದೆ. ನನ್ನ ಆಣೆಗೆ ಬೆಲೆ ಎಲ್ಲಿಂದ ಬರಬೇಕು?

"ಈ ಶುಕ್ರವಾರ ನೆಟ್ ಹೋದ್ರೆ ನೀನೂ ಹೋದಂಗೆ," ಅಂದರು ಸಾವ್ಕಾರ್ರು.

ಶುಕ್ರವಾರ ಬೆಳಿಗ್ಗೆನೇ ಹೋಗಿ ರೂಟರ್ ಮುಂದೆ ಕುಂತೆ. ಮನೆಯಲ್ಲಿ ಕಂಟ್ರಾಕ್ಟರ್ ತಾಯಿ ಒಬ್ಬರೇ. ಅಜ್ಜಿ ತಲೆಗೆ ನೀರು ಹಾಕ್ಕೊಂಡು ಪೂಜೆ ತಟ್ಟೆ ಹಿಡಿದು ಬಂದರು. ತಿಜೋರಿಗೆ ಕುಂಕುಮ, ಟೀವಿಗೆ ಕುಂಕುಮ, ಮಿಕ್ಸಿಗೆ ಹೂವು. ಆಮೇಲೆ ರೂಟರ್ ಹತ್ತಿರ ಬಂದು, ಎರಡೂ ಕೊಂಬಿಗೆ ವಿಭೂತಿ ಹಚ್ಚಿ, ಹಿಂದಕ್ಕೆ ಕೈ ಹಾಕಿ, ಹಚ್ಚಿದ ಊದಿನಕಡ್ಡೀನ ಸಣ್ಣ ತೂತಿಗೆ ಗಟ್ಟಿಯಾಗಿ ಚುಚ್ಚಿ ನಿಲ್ಲಿಸಿದರು.

ಅದು ಎಲ್ಲ ಅಳಿಸಿಹಾಕೋ ರೀಸೆಟ್ ತೂತು!

"ಅಜ್ಜೀ, ಅಲ್ಲಿ ಯಾಕೆ ಚುಚ್ಚಿದ್ರಿ?"

"ಕಂಪ್ನಿಯೋರು ಎಷ್ಟು ಭಕ್ತಿವಂತರು ನೋಡು ತಮ್ಮ. ಟೀವಿಯೋರು ಇಟ್ಟಿಲ್ಲ, ಮಿಕ್ಸಿಯೋರು ಇಟ್ಟಿಲ್ಲ. ಇವರೊಬ್ಬರೇ ಊದಿನಕಡ್ಡಿಗೆ ಅಂತ ತೂತು ಬಿಟ್ಟೇ ಮಾಡ್ಯಾರೆ."

ಅಷ್ಟರಲ್ಲಿ ರೂಟರಿನ ದೀಪಗಳೆಲ್ಲ ಒಟ್ಟಿಗೆ ಆರಿ, ಒಟ್ಟಿಗೆ ಹತ್ತಿದವು. ಅಜ್ಜಿ ಕೈ ಮುಗಿದು, "ನೋಡು, ಪ್ರತಿ ವಾರವೂ ಹಿಂಗೇ ಕಣ್ಣು ಬಿಟ್ಟು ಒಪ್ಕಂತೈತೆ," ಅಂದರು. ಕಡ್ಡಿ ಉರಿದ ಮೇಲೆ ಅವರೇ ಕಿತ್ತು ಬೂದಿ ಒರೆಸ್ತಿದ್ದರು. ಶನಿವಾರ ಹೋಗ್ತಿದ್ದ ನನಗೆ ಏನು ಕಾಣಬೇಕು?

ಕಂಟ್ರಾಕ್ಟರ್ ಬಂದರು, ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು. ಸಾವ್ಕಾರ್ರಿಗೆ ಫೋನ್ ಮಾಡಿ, "ಚಿನ್ನದಂಥ ಹುಡುಗ ಕಣ್ರೀ," ಅಂದರು. ಸಾವ್ಕಾರ್ರು ನನ್ನ ಬೆನ್ನು ತಟ್ಟಿ, ಅಂಗಡಿಯಲ್ಲಿ ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದರು.

ಕಂಟ್ರಾಕ್ಟರ್ ನಕ್ಕಲ್ಲಿಂದ ಈಚೆಗೆ ಎಲ್ಲ ನಾನು ಕಟ್ಟಿದ ಸುಳ್ಳು. ಕಂಟ್ರಾಕ್ಟರ್ ಅಂದದ್ದು, "ಮಾಡೋದು ನೀನು, ನಮ್ಮವ್ವನ ಮೇಲೆ ಹಾಕ್ತೀಯೇನಲೇ?" ಸಾವ್ಕಾರ್ರೂ ನಂಬಲಿಲ್ಲ. ಕಿತಾಪತಿ ಮಾಡಿದಾಗೆಲ್ಲ ಬೈದು ಕೆಲಸದಲ್ಲಿ ಇಟ್ಟುಕೊಂಡೋರು, ನಿಜ ಹೇಳಿದ ದಿನ ಓಡಿಸಿದರು. ಈಗ ಹಾರೆ ಮುಂದೆ ನಿಂತಿದೀನಿ. ಅಂಗೈ ಬೊಬ್ಬೆಯಲ್ಲಿ ಇದನ್ನ ಬರೆಯುವಾಗ, ಕೊನೆಯಲ್ಲಾದರೂ ಒಂದು ಕುರ್ಚಿ ಇರಲಿ ಅನ್ನಿಸಿತು, ಹಾಕಿದೆ.