ರಾಜ್ಮಾ ಬಯಕೆ

ನಮ್ಮ ಮನೆಯಲ್ಲಿ ಒಂದು ಅಡುಗೆ ಮಾಡಹೊರಟು ಇನ್ನೊಂದು ಆಗುವುದು ಹೊಸದೇನಲ್ಲ. ಆದರೆ ಒಂದೇ ಕಾಳು ನಮ್ಮನ್ನು ಇಷ್ಟು ಸಲ ಆಟವಾಡಿಸಿದ್ದು ಇದೇ ಮೊದಲು.

ನನ್ನ ಸೊಸೆ ಸೊರಬದ ಕಡೆಯ ಹೊಸಬಾಳೆಯವಳು. ಮೂರು ತಿಂಗಳ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರೊಟ್ಟಿ ಬೇಯುವ ವಾಸನೆಗೇ ಎದ್ದು ಹಿತ್ತಲಿಗೆ ಓಡುತ್ತಿದ್ದಳು. ಕೈಬಳೆಗಳು ಮೊಣಕೈವರೆಗೂ ಜಾರುವಂತಾದಾಗ ನನಗೆ ಭಯವಾಯಿತು. ಬಯಕೆ ಹೇಳಿಕೊಳ್ಳಲು ಅವಳಿಗೆ ನಾಚಿಕೆ, ಕೇಳಲು ನನಗೆ ನಾಚಿಕೆ. ಹೀಗಾಗಿ ಮಾತೆಲ್ಲವೂ ಮಗನ ಮೂಲಕವೇ ನಡೆಯುತ್ತಿತ್ತು.

ಸಂತೆಯಲ್ಲಿ

ಒಂದು ದಿನ ಮಗ ಬಂದು ಹೇಳಿದ: "ಅವ್ವಾ, ಅವಳಿಗೆ ಬಯಕೆ ಆಗೈತಂತೆ. ರಾಜ್ಮಾ ಬೇಯಿಸಿ, ಅರೆದು, ಮತ್ತೆ ಎಣ್ಣೆಯಾಗೆ ಹುರೀಬೇಕಂತೆ. ದೂರದೇಶದ ಅಡುಗೆ. ನಾನೂ ಶಿವಮೊಗ್ಗದಾಗೆ ಒಂದ್ಸಲ ತಿಂದೀನಿ, ಭಾಳ ಚಲೋ ಇರ್ತತಿ."

ನಮ್ಮ ಅತ್ತೆಯವರನ್ನು ಮನೆಯವರೆಲ್ಲ ಅಜ್ಜಿ ಎನ್ನುತ್ತೇವೆ. ಅಜ್ಜಿ ಕುಳಿತಲ್ಲಿಂದಲೇ ಕೂಗಿದರು: "ಬಯಕೆ ತೀರಿಸ್ದಿದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತಾವೆ. ಏಳೇ, ಸಂತೆಗೆ ಹೋಗು!"

ಶಿರಾಳಕೊಪ್ಪದ ಅಂಗಡಿಯವರು ಕಾಳು ತೂಗುತ್ತಾ, "ಪಲ್ಯಕ್ಕೋ ಸಾರಿಗೋ, ಅಕ್ಕಾರೇ?" ಎಂದು ಕೇಳಿದರು. ನಾನು ತಲೆ ತಗ್ಗಿಸಿ, "ಬಯಕೆಗೆ" ಎಂದೆ. ಅವರು ನನ್ನ ನರೆತ ಕೂದಲನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದರು. "ದೇವರು ದೊಡ್ಡೋನು ಬಿಡ್ರೀ. ಈ ವಯಸ್ಸಿನಾಗೆ ಭಾರ ಎತ್ತಬೇಡ್ರಿ" ಎಂದು ಚೀಲವನ್ನು ತಾವೇ ಬಸ್ಸಿನವರೆಗೆ ಹೊತ್ತು ತಂದರು. ಸೊಸೆಗೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಗಂಟು

ಅರ್ಧ ಕಾಳನ್ನು ಸಂಜೆ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಪಾತ್ರೆ ಖಾಲಿ! ಅಜ್ಜಿ ಅಷ್ಟನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರಿದ್ದರು. "ನೆನೆದ ಕಾಳು ಕಂಡ ಮೇಲೆ ಮೊಳಕೆ ಕಟ್ಟದೆ ಸುಮ್ನಿರಾಕಾಗ್ತದೇನು?" ಎಂದರು. ಬಿಚ್ಚಲೂ ಬಿಡಲಿಲ್ಲ.

ಎರಡು ದಿನ ಕಳೆದರೂ ಒಂದು ಮೊಳಕೆಯೂ ಇಣುಕಲಿಲ್ಲ. ಲೋಳೆಯಾಗಿ ನಾತ ಬಂದಿತು. ಅಜ್ಜಿ ಮೂಗು ಮುಚ್ಚಿಕೊಂಡು ತೀರ್ಪು ಕೊಟ್ಟರು: "ಹುರುಳಿ, ಹೆಸರು ನನ್ನ ಮಾತು ಕೇಳ್ತಾವೆ. ಇದಕ್ಕೆ ಹಿರಿಯರು ಅಂದ್ರೆ ಮರ್ಯಾದಿಲ್ಲ."

ಹೂರಣ

ಉಳಿದ ಕಾಳನ್ನು ಬೇಯಿಸಿ ಅರೆದೆ. ಬೆಳ್ಳುಳ್ಳಿಯ ಒಗ್ಗರಣೆಗೆ ಹಾಕಿ ಮಗುಚಿ, ಕೊತ್ತಂಬರಿ ತರಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಬಾಣಲೆಯಿಂದ ಏಲಕ್ಕಿಯ ಪರಿಮಳ!

"ಹೂರಣಕ್ಕೆ ಬೆಲ್ಲ ಹಾಕೋದೇ ಮರ್ತಿದ್ದೆಯಲ್ಲೇ. ನಾನೇ ಹಾಕ್ದೆ" ಎಂದರು ಅಜ್ಜಿ. ಕಣಕವನ್ನೂ ನಾದಿಟ್ಟಿದ್ದರು.

ಇನ್ನೇನು ಮಾಡುವುದು? ಹೋಳಿಗೆಯನ್ನೇ ತಟ್ಟಿದೆವು. ಪಕ್ಕದ ಮನೆಯಾಕೆ ಒಂದನ್ನು ಬಾಯಿಗಿಟ್ಟುಕೊಂಡು, ಬೆಳ್ಳುಳ್ಳಿ ಸಿಕ್ಕಿದೊಡನೆ ಅಗಿಯುವುದನ್ನೇ ನಿಲ್ಲಿಸಿದಳು. ಸಾವಕಾಶವಾಗಿ ನುಂಗಿ, "ಯಾವ ಹಬ್ಬಾನೋ ಕಾಣೆ ಕಣ್ರೀ, ವರ್ಷಕ್ಕೊಂದ್ಸಲ ಬಂದ್ರೆ ಸಾಕು" ಎಂದಳು.

ಕಟ್ಟು

ಮರುಸಂತೆಗೆ ಮಗನೇ ಹೋಗಿ, ನಾನು ಕೇಳಿದ್ದಕ್ಕಿಂತ ಎರಡರಷ್ಟು ಕಾಳು ತಂದ. ಈ ಸಲ ಅಜ್ಜಿಯನ್ನು ಕಣ್ಣೆದುರೇ ಬೆಳ್ಳುಳ್ಳಿ ಸುಲಿಯಲು ಕೂರಿಸಿದೆ. ಕಾಳು ಬೇಯಿಸಿದ ನೀರನ್ನು ಚೆಲ್ಲಲು ಮನಸ್ಸು ಬಾರದೆ, ಆ ಕಟ್ಟಿಗೆ ಹುಣಸೆ, ಮೆಣಸು ಹಾಕಿ ತೆಳ್ಳಗೆ ಸಾರು ಮಾಡಿದೆ. ಕಾಳನ್ನು ಅರೆದು ಹುರಿದೆ. ಈ ಬಾರಿ ಅದು ನಿಜಕ್ಕೂ ಸರಿಯಾಗಿ ಬಂದಿತು.

ತಟ್ಟೆ ಇಟ್ಟೆ. ಸೊಸೆ ಹುರಿದದ್ದನ್ನು ಮುಟ್ಟಲೇ ಇಲ್ಲ. ಸಾರು ಕಲಸಿ ಅನ್ನ ಉಂಡಳು. ನಾನು ಹಿತ್ತಲ ಬಾಗಿಲನ್ನು ತೆರೆದಿಟ್ಟು ಉಸಿರು ಹಿಡಿದು ನಿಂತೆ. ಅವಳು ಏಳಲಿಲ್ಲ. ಬದಲಿಗೆ, "ಅತ್ತೆ, ಇನ್ನೊಂಚೂರು ಸಾರು ಇದ್ಯಾ?" ಎಂದಳು. ಮೂರು ಸಲ ಬಡಿಸಿದೆ. ಅಷ್ಟೂ ಹೊಟ್ಟೆಯಲ್ಲಿ ನಿಂತಿತು. ಎಷ್ಟೋ ದಿನಗಳ ಮೇಲೆ ನನ್ನ ಎದೆ ಹಗುರಾಯಿತು.

ಆ ಧೈರ್ಯದಲ್ಲಿ ಮೊದಲ ಸಲ ನೇರವಾಗಿ ಕೇಳಿದೆ: "ಬಯಕೆಯ ಅಡುಗೆಯನ್ನೇ ಬಿಟ್ಟೆಯಲ್ಲ, ತಾಯಿ?"

"ನಂಗೆಲ್ಲಿ ಬಯಕೆ ಅತ್ತೆ? ನಾನು ಇವರ ಹತ್ರ ಹೇಳಿದ್ದು ತಿಳಿಸಾರು ಬೇಕು ಅಂತ ಮಾತ್ರ."

ಎಲ್ಲರೂ ಮಗನತ್ತ ತಿರುಗಿದೆವು. ಅವನು ನಾಲ್ಕನೆಯ ರೊಟ್ಟಿಯಿಂದ ಬಾಣಲೆಯ ತಳ ಒರೆಸುತ್ತಿದ್ದ.

ಅಜ್ಜಿ ನಿಟ್ಟುಸಿರು ಬಿಟ್ಟರು: "ಹೋಗ್ಲಿ ಬಿಡೇ. ಇವನ ಕಿವಿ ಸೋರೋದಾದ್ರೂ ತಪ್ಪಿತು."